ತೊಡೆಯ ಮೇಲಿನ ತಾಳ

ನಮ್ಮ ಮಗಳು ತನ್ನ ಮುಂದಿನ ಬದುಕಿನ ಬಗ್ಗೆ ಘೋಷಣೆ ಹೊರಡಿಸಿದ್ದು ಸಿಂಗಪುರದ ಬುಕಿತ್ ಪಂಜಾಂಗ್‌ನಲ್ಲಿ, ತಿಂಡಿ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ನನ್ನ ಬಾಯಲ್ಲಿ ಅರ್ಧ ದೋಸೆ ಇದ್ದಾಗ. ಇಂಥ ಘೋಷಣೆಗಳಿಗೆ ಮಕ್ಕಳು ತಂದೆಯ ಬಾಯಿ ತುಂಬಿರುವ ಮುಹೂರ್ತವನ್ನೇ ನೋಡಿ ಇಡುತ್ತಾರೆ.

"ನಾನು ಮ್ಯೂಸಿಕಲ್ ಥಿಯೇಟರ್ ಡಿಗ್ರಿ ಮಾಡ್ತೀನಿ. ಡಿಸೈಡ್ ಮಾಡಾಯ್ತು."

ಆಗ ಅವಳು ಹೈಸ್ಕೂಲಿನ ನಡುವಿನಲ್ಲಿದ್ದಳು. ಕಾಲೇಜು ಇನ್ನೂ ದೂರದ ದ್ವೀಪ.

"ಅದು ಸೈಡಲ್ಲಿ ಮಾಡೋದಲ್ವೇನೇ?" ಎಂದಳು ನನ್ನ ಹೆಂಡತಿ.

"ಸೈಡಲ್ಲಿ ಅಲ್ಲಮ್ಮ. ಅದೇ ಮೇನ್. ಹಾಡ್ತಾ, ಡ್ಯಾನ್ಸ್ ಮಾಡ್ತಾ, ಆಕ್ಟ್ ಮಾಡೋದು. ಮೂರೂ ಒಟ್ಟಿಗೆ."

ನಮ್ಮ ವಂಶದಲ್ಲಿ ಇಂಜಿನಿಯರುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಯಾರಿಗೂ ಗುಣವಾಗದ ಹಾಗೆ ಹೋಮಿಯೋಪತಿ ನಡೆಸಿದ ದೊಡ್ಡಪ್ಪ ಒಬ್ಬರಿದ್ದರು. ಹಾಡುತ್ತ, ಕುಣಿಯುತ್ತ, ಅಳುತ್ತ ಪದವಿ ಪಡೆದವರು ಯಾರೂ ಇರಲಿಲ್ಲ. ಬರಿದೇ ಅಳುತ್ತ ಪದವಿ ಪಡೆದವನು ನಾನಿದ್ದೆ. ದೋಸೆಯನ್ನು ನುಂಗಿ, ಹಿರಿಯನಿಗೆ ಒಪ್ಪುವ ಗಾಂಭೀರ್ಯವನ್ನು ತಂದುಕೊಂಡು ಹೇಳಿದೆ:

"ಇದು ನಮ್ಮ ಕಂಪನಿ ನಾಟಕ ಕಣಮ್ಮ. ನಮ್ಮ ತಾತ ಮೈಸೂರಲ್ಲಿ ರಾತ್ರಿಯೆಲ್ಲ ಕೂತು ನೋಡೋರು. ಯುದ್ಧದಲ್ಲಿ ಸತ್ತು ಬಿದ್ದಿರೋ ರಾಜ, ಜನ ಒನ್ಸ್ ಮೋರ್ ಅಂದ್ರೆ ಎದ್ದು ಕೂತು, ಇನ್ನೊಂದ್ಸಲ ಹಾಡಿ, ಇನ್ನೊಂದ್ಸಲ ಸಾಯ್ತಿದ್ದ."

"ಅಪ್ಪ, ಪ್ಲೀಸ್. ನಾಟ್ ದ ಸೇಮ್ ಲಾ," ಎಂದಳು, ಈ ಊರಿನ ಬಾಲವನ್ನು ಮಾತಿಗೆ ಅಂಟಿಸಿ.

ಅನಂತರ ಅವಳು ವಿವರಿಸಿದಳು. ಇಂಥ ಕಾಲೇಜುಗಳಿಗೆ ಅಂಕಪಟ್ಟಿ ಸಾಲದು, ಆಡಿಷನ್ ಕೊಡಬೇಕು. ಅಲ್ಲಿಗೆ ಬರುವ ಮಕ್ಕಳು ಹೈಸ್ಕೂಲಿನ ಮೊದಲಿನಿಂದಲೇ ಗಂಟಲು, ಕಾಲು, ಮುಖ ಮೂರನ್ನೂ ಪಳಗಿಸಿಕೊಂಡು ಬಂದಿರುತ್ತಾರೆ. ಈಗ ಶುರು ಮಾಡಿದರೂ ತಡವೇ. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿಯ ಮುಖ ಸ್ವಲ್ಪ ಸಡಿಲವಾಯಿತು. ಒಂದು ವಿಷಯ ನಮ್ಮ ಜನಕ್ಕೆ ಒಗ್ಗುತ್ತದೋ ಇಲ್ಲವೋ, ಅದಕ್ಕೊಂದು ಪ್ರವೇಶ ಪರೀಕ್ಷೆ ಇದೆಯೆಂದು ಗೊತ್ತಾದ ಕೂಡಲೇ ನಾವು ಅದನ್ನು ಅರ್ಧ ಒಪ್ಪಿಕೊಂಡಿರುತ್ತೇವೆ.

ಉಳಿದ ಅರ್ಧಕ್ಕಾಗಿ ಸಂಧಾನ ನಡೆಯಿತು. ಕಲಾ ಕಾಲೇಜೊಂದು ಹೈಸ್ಕೂಲು ಮಕ್ಕಳಿಗೆ ವಾರಾಂತ್ಯದ ತರಬೇತಿ ನಡೆಸುತ್ತಿತ್ತು. ಅದಕ್ಕೂ ಆಡಿಷನ್, ವರ್ಷದ ಕೊನೆಯ ಹೊತ್ತಿಗೆ. ಅದರಲ್ಲಿ ಸೀಟು ಸಿಕ್ಕಿದರೆ ಆ ದಾರಿಯಲ್ಲೇ ಮುಂದುವರಿಯುವುದು, ನಾವಿಬ್ಬರೂ ಅವಳ ಬೆನ್ನಿಗೆ ನಿಲ್ಲುವುದು. ಸಿಗದಿದ್ದರೆ ಜೂನಿಯರ್ ಕಾಲೇಜು, ವಿಜ್ಞಾನ. ಹಾಡು ಗಣೇಶನ ಹಬ್ಬಕ್ಕೆ. ಮಗಳು ಮೇಜಿನ ಮೇಲಿಂದ ಬಲಗೈ ಚಾಚಿದಳು. ನಾವು ಒಬ್ಬರಾದ ಮೇಲೊಬ್ಬರು ಕುಲುಕಿದೆವು. ಆ ಬಲಗೈಯನ್ನು ಓದುಗರು ದಯಮಾಡಿ ನೆನಪಿಟ್ಟುಕೊಳ್ಳಬೇಕು.

ಆಡಿಷನ್ನಿಗೆ ತಯಾರು ಮಾಡುವ ಮೇಷ್ಟ್ರು ಸಿಕ್ಕಿದ್ದು ಕಾಕಿ ಬುಕಿತ್‌ನಲ್ಲಿ. ಭೂಮಿಯೊಳಗಿನ ರೈಲು ಆಗಷ್ಟೇ ಅಲ್ಲಿಯವರೆಗೆ ಚಾಚಿಕೊಂಡಿತ್ತು. ನಮ್ಮ ಕಡೆ ಹತ್ತಿ ಕೂತರೆ ಊರಿನ ಹೊಟ್ಟೆಯೊಳಗೇ ಸಾಗಿ ಇನ್ನೊಂದು ಅಂಚಿನಲ್ಲಿ ಏಳಬಹುದಿತ್ತು. ಭಾನುವಾರ ಮಧ್ಯಾಹ್ನದ ಆ ಪ್ರಯಾಣದಲ್ಲಿ ಅವಳು ಕಿಟಕಿಯ ಕತ್ತಲಿಗೆ ಹಣೆ ಆನಿಸಿ ತುಟಿಯೊಳಗೇ ಹಾಡಿಕೊಳ್ಳುತ್ತಿದ್ದಳು. ನಾನು ಅರೆನಿದ್ದೆಯಲ್ಲಿ, ಸುರಂಗದ ಗಾಳಿ ಯಾವುದು, ಅವಳ ದನಿ ಯಾವುದು ಎಂದು ವಿಂಗಡಿಸುವ ಕೆಲಸವನ್ನು ಕೈಬಿಟ್ಟಿರುತ್ತಿದ್ದೆ.

ಸ್ಟುಡಿಯೋ ಎಂದರೆ ಒಂದು ಗೋದಾಮಿನ ಮೂರನೆಯ ಮಹಡಿಯ ಕೋಣೆ. ಕೆಳಗೆ ಕಾರುಗಳಿಗೆ ಬಣ್ಣ ಹೊಡೆಯುವ ಅಂಗಡಿ. ಒಂದು ಗೋಡೆಗೆ ಪೂರ್ತಿ ಕನ್ನಡಿ, ಮೂಲೆಯಲ್ಲಿ ಪಿಯಾನೋ. ಮೇಷ್ಟ್ರು ಇಲ್ಲಿಯವರೇ ಆದ ಚೀನೀ ಹಿರಿಯರು. ಬಿಳಿಗೂದಲನ್ನು ಹಿಂದಕ್ಕೆ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಬಾ ಎಂದು ಮೊದಲ ಮಾತಿನಲ್ಲೇ ಹೇಳಿ ನನ್ನ ಗೌರವ ಸಂಪಾದಿಸಿದರು. ಅವಳಿಗೆಂದು ಒಂದು ಹಾಡು ಆರಿಸಿಕೊಟ್ಟರು. ಸಣ್ಣ ಊರಿನ ರೈಲು ನಿಲ್ದಾಣದಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ. ಬರುತ್ತೇನೆಂದವನು ಬಂದಿಲ್ಲ. ಅಷ್ಟೇ ಕಥೆ.

ಮೊದಲ ಸಲ ಹಾಡಿ ಮುಗಿಸಿದಾಗ ಮೇಷ್ಟ್ರು ಪಿಯಾನೋದ ಮೇಲೆ ಮೊಣಕೈ ಊರಿ ಅವಳನ್ನೇ ನೋಡಿದರು.

"ವಾಯ್ಸ್ ವೆರಿ ನೈಸ್. ಬಟ್ ದಟ್ ಹ್ಯಾಂಡ್, ಆಹ್... ವಾಟ್ ಈಸ್ ಇಟ್ ಕೌಂಟಿಂಗ್?"

ಆ ಕೈ ಏನು ಎಣಿಸುತ್ತಿತ್ತೆಂದು ನಮಗೆ ಗೊತ್ತಿತ್ತು. ಎಂಟೆಣಿಕೆಯ ಆದಿತಾಳ. ಅವಳು ಐದಾರು ವರ್ಷದವಳಿದ್ದಾಗ ಬಿಶಾನ್ ಬಡಾವಣೆಯ ಮ್ಯೂಸಿಕ್ ಆಂಟಿ ಆ ಪುಟ್ಟ ಕೈಯನ್ನು ಹಿಡಿದು ತೊಡೆಯ ಮೇಲೆ ಕೂರಿಸಿದ್ದರು: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಪೆಟ್ಟು, ಅಂಗೈ ಮಗುಚಿ ಹುಸಿ, ಪೆಟ್ಟು, ಹುಸಿ. ಅಂದು ಕೂತ ಕೈ ಮತ್ತೆ ಎದ್ದಿರಲಿಲ್ಲ. ಈಗ ಬಾರದವನಿಗಾಗಿ ಕಾಯುತ್ತಿರುವ ವಿರಹಿಣಿ, ಕಣ್ಣಲ್ಲಿ ನೀರು ತುಂಬಿಕೊಂಡು, ತೊಡೆ ಬಡಿದು ಲೆಕ್ಕ ಹಾಕುತ್ತಿದ್ದಳು. ನೋಡುವವರಿಗೆ ಅವನಿಂದ ಅವಳಿಗೆ ಸಾಲ ಬರಬೇಕೇನೋ ಅನಿಸುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರು ಕನ್ನಡಿಯಲ್ಲಿ ಇನ್ನೊಂದು ಕೈ ಕಂಡರು. ಅದು ನನ್ನ ಮಂಡಿಯ ಮೇಲಿತ್ತು.

"ಡ್ಯಾಡಿ ಆಲ್ಸೋ!"

ಹೀಗೆ ನನ್ನನ್ನು ಹೊರಗಿನ ಮೊಗಸಾಲೆಗೆ ಗಡೀಪಾರು ಮಾಡಲಾಯಿತು. ಅಲ್ಲೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಭಾನುವಾರವಾದ್ದರಿಂದ ಗೋದಾಮುಗಳೆಲ್ಲ ಬಾಗಿಲು ಮುಚ್ಚಿ ಮಲಗಿರುತ್ತಿದ್ದವು. ಅಂಗಳದಲ್ಲಿ ಒಂದು ಮೈನಾ ಹಕ್ಕಿ ಯಜಮಾನನಂತೆ ಓಡಾಡುತ್ತಿತ್ತು. ಹಿಂದಿನ ದಿನದ ಬಣ್ಣದ ವಾಸನೆ ಬಿಸಿಲಿಗೆ ಮೆತ್ತಗಾಗಿ ಮೇಲೇರುತ್ತಿತ್ತು. ಬಾಗಿಲ ಸಂದಿಯಿಂದ ನನ್ನ ಮಗಳು ಯಾರಿಗೋ ಕಾಯುವುದು ಕೇಳುತ್ತಿತ್ತು. ಅವಳು ಕಾಯುತ್ತಿದ್ದಂತೆ ನಾನೂ ಕಾಯುತ್ತಿದ್ದೆ. ಇಬ್ಬರ ನಡುವೆ ಬಾಗಿಲೊಂದೇ. ಎಷ್ಟೋ ಸಲ ಅಲ್ಲೇ ತೂಕಡಿಸಿ, ಆ ಮುಚ್ಚಿದ ಗೋದಾಮುಗಳ ಮುಂದೆ ರೈಲೊಂದು ಸದ್ದಿಲ್ಲದೆ ಬಂದು ನಿಂತ ಹಾಗೆ, ಅದರಿಂದ ನಮ್ಮ ತಾತ ಟೋಪಿ ಸರಿಮಾಡಿಕೊಳ್ಳುತ್ತ ಇಳಿದ ಹಾಗೆ ಕಂಡಿದ್ದೇನೆ.

ಕೈಗೆ ಚಿಕಿತ್ಸೆ ಶುರುವಾಯಿತು. ಮೇಷ್ಟ್ರು ಅದನ್ನು ಜೇಬಿನಲ್ಲಿಡಿಸಿದರು, ಜೇಬು ಮಿಡಿಯಿತು. ನೀರು ತುಂಬಿದ ಲೋಟ ಹಿಡಿಸಿದರು. ನೀರು ತಾಳದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಚೆಲ್ಲಿತು. ಕೈಯನ್ನು ಹೇಗೋ ಸುಮ್ಮನಾಗಿಸಿದರೆ ಕಾಲಿನ ಹೆಬ್ಬೆರಳು ಎದ್ದಿತು, ಅದನ್ನು ತಡೆದರೆ ಗಲ್ಲ. ಮನೆಯಲ್ಲಿ ನನ್ನ ಹೆಂಡತಿ, ಕೈಗೆ ಬೇರೆ ಕೆಲಸ ಕೊಟ್ಟರೆ ಮರೆಯುತ್ತದೆ ಎಂದು ಹಾಡುತ್ತ ಚಪಾತಿ ಲಟ್ಟಿಸಲು ಹಚ್ಚಿದಳು. ಆ ವಾರ ನಾವು ತಿಂದ ಚಪಾತಿಗಳು ಪೆಟ್ಟು ಬಿದ್ದ ಕಡೆ ತೆಳುವಾಗಿ, ಹುಸಿಯ ಕಡೆ ದಪ್ಪವಾಗಿ ಇದ್ದವು.

"ತಾಳಬದ್ಧವಾಗಿದೆ," ಎಂದೆ.

"ರೀ, ನೀವು ಮೊದ್ಲು ನಿಮ್ಮ ಮಂಡಿ ಸುಮ್ನಿಟ್ಕೊಳ್ಳಿ. ಅವಳು ನೋಡಿ ನೋಡಿ ಕಲಿಯೋದು."

ಮಗಳು ನಗಲಿಲ್ಲ. "ಅಪ್ಪ, ಆಡಿಷನ್‌ನಲ್ಲಿ ಇದು ಬಂದ್ರೆ ಫಿನಿಶ್. ಇವಳಿಗೆ ಆಕ್ಟಿಂಗ್ ಬರಲ್ಲ, ಕೌಂಟಿಂಗ್ ಬರುತ್ತೆ ಅಂತ ಜೂನಿಯರ್ ಕಾಲೇಜ್‌ಗೆ ಕಳಿಸ್ತಾರೆ. ನೀವು ಖುಷಿ ಪಡ್ತೀರಾ ಬಿಡಿ."

ಖುಷಿ ಪಡುತ್ತಿದ್ದೆವೇ? ವರ್ಷದ ಆರಂಭದಲ್ಲಾದರೆ ಬಹುಶಃ ಹೌದು. ಆದರೆ ಭಾನುವಾರಗಳು ಕೂಡುತ್ತ ಹೋದಂತೆ ನನಗೆ ಆ ಕೆಂಪು ಕುರ್ಚಿ ರೂಢಿಯಾಗಿಬಿಟ್ಟಿತ್ತು. ಮನುಷ್ಯನ ತತ್ತ್ವಗಳು ಅವನು ಕೂರುವ ಜಾಗದಿಂದ ಹುಟ್ಟುತ್ತವೆಂದು ಕಾಣುತ್ತದೆ.

ಶನಿವಾರದ ಬಿಶಾನ್ ಪಾಠವನ್ನು ನಾವು ಬಿಡಿಸಿರಲಿಲ್ಲ. ಒಂದು ಶನಿವಾರ ಆಂಟಿ ವರ್ಣವನ್ನು ಅರ್ಧಕ್ಕೇ ನಿಲ್ಲಿಸಿದರು.

"ಕೈ ಎಲ್ಲಿ ಪುಟ್ಟಿ?"

ಮಗಳು ತನ್ನ ಕೈಯನ್ನು ನೋಡಿಕೊಂಡಳು. ಅದು ಮಡಿಲಲ್ಲಿ ಮಲಗಿತ್ತು. ಅವಳು ಎಲ್ಲ ಹೇಳಿದಳು: ಕಾಕಿ ಬುಕಿತ್, ಲೋಟ, ಚಪಾತಿ. ನಾನು ಬಾಗಿಲ ಬಳಿ ಪಾದರಕ್ಷೆಗಳ ಅಧ್ಯಯನದಲ್ಲಿ ತೊಡಗಿದೆ. ಆಂಟಿ ಶ್ರುತಿಪೆಟ್ಟಿಗೆಯನ್ನು ಆರಿಸಿದರು.

"ಅಲ್ಲಿ ಬೇಡ ಅಂದ್ರೆ ಬೇಡ. ಒಳಗೆ ಹಾಕ್ಕೋ ತಾಳಾನ."

"ಒಳಗೆ ಅಂದ್ರೆ ಎಲ್ಲಿ ಆಂಟಿ?"

"ನಂಗೇನಮ್ಮ ಗೊತ್ತು? ನಾನು ಹೊರಗೇ ಹಾಕ್ಕೊಂಡು ಬಂದೋಳು. ಇಲ್ಲಂತೂ ಹಾಕು, ಇಲ್ದೆ ಇದ್ರೆ ನಂಗೆ ಹಾಡಿಸೋಕೆ ಬರಲ್ಲ."

ಮಳೆ ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. ನವರಾತ್ರಿಯ ಹೊತ್ತಿಗೆ ಕಾಕಿ ಬುಕಿತ್‌ನ ಕನ್ನಡಿಯಲ್ಲಿ ಆ ಕೈ, ಬೇರೆಯವರ ಮನೆಗೆ ಬಂದ ನೆಂಟನ ಹಾಗೆ, ಪಕ್ಕದಲ್ಲಿ ಸಭ್ಯವಾಗಿ ಇಳಿಬಿದ್ದಿತ್ತು. ಮೇಷ್ಟ್ರು ಹಾಡಿನ ಪಿಯಾನೋ ಹಾಳೆಗಳನ್ನು ಒಂದು ನೀಲಿ ಫೈಲಿಗೆ ಹಾಕಿಕೊಟ್ಟರು. ಆಡಿಷನ್ನಿಗೆ ಹಾಡು ಉದ್ದವಾಯಿತೆಂದು ನಡುವಿನ ಭಾಗವನ್ನು ಮೊದಲಿನಿಂದಲೇ ಬಿಟ್ಟಿದ್ದರು. ಅಲ್ಲಿ ನುಡಿಸುವವರು ಬೇರೆಯವರು. ಅವರು ಮರೆತು ಆ ಭಾಗಕ್ಕೆ ಹೋಗದಿರಲೆಂದು ಆ ಹಾಳೆಗಳನ್ನು ಒಟ್ಟಿಗೆ ಸೇರಿಸಿ ಗಟ್ಟಿಯಾಗಿ ಸ್ಟೇಪಲ್ ಹೊಡೆದಿದ್ದರು. ಅನಂತರ ಪಿನಾಂಗ್‌ನಲ್ಲಿದ್ದ ಅಕ್ಕನ ಮನೆಗೆ ಹೊರಟುಹೋದರು. ಆಡಿಷನ್ ಮುಂದಿನ ವಾರ.

ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ದೇವರ ಮುಂದೆ ಇಡಬೇಕು, ವಿಜಯದಶಮಿಯ ಬೆಳಿಗ್ಗೆಯವರೆಗೆ ಮುಟ್ಟಬಾರದು. ಈ ನಿಯಮದ ಮೇಲೆ ನಮ್ಮ ಮಕ್ಕಳ ಶ್ರದ್ಧೆ ಅಪಾರ. ತಮಗೆ ಆಗದ ವಿಷಯದ ಪುಸ್ತಕವನ್ನೇ ಹುಡುಕಿ ಇಡುತ್ತಾರೆ. ನಮ್ಮವಳು ಪ್ರತಿ ವರ್ಷ ಗಣಿತವನ್ನು ದೇವಿಯ ವಶಕ್ಕೆ ಒಪ್ಪಿಸಿ ನೆಮ್ಮದಿಯಾಗಿರುತ್ತಿದ್ದಳು. ಆ ವರ್ಷ ನೀಲಿ ಫೈಲನ್ನು ತಂದಿಟ್ಟಳು. ನನ್ನ ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿದಳು.

ಮರುದಿನ ಕಾಲೇಜಿನಿಂದ ಸಂದೇಶ ಬಂತು. ಸಭಾಂಗಣದ ಅಡಚಣೆಯಿಂದಾಗಿ ಆಡಿಷನ್ನನ್ನು ಕೆಲವು ದಿನ ಮೊದಲೇ ಇಟ್ಟುಕೊಂಡಿದ್ದಾರೆ. ಹೊಸ ದಿನ ನಮ್ಮ ಪಂಚಾಂಗದ ಪ್ರಕಾರ ಆಯುಧಪೂಜೆ. ವಿಜಯದಶಮಿಗೆ ಒಂದು ದಿನ ಮೊದಲು.

ಮನೆಯಲ್ಲಿ ಶಾಸ್ತ್ರಾರ್ಥ ನಡೆಯಿತು. ಫೈಲು ಪುಸ್ತಕವಲ್ಲ, ಪುಸ್ತಕದ ಕವಚ ಎಂದು ನಾನು ವಾದ ಹೂಡಿದೆ. ಸಿಂಗಪುರದ ಗಡಿಯಾರ ಭಾರತಕ್ಕಿಂತ ಮುಂದಿರುವುದರಿಂದ ದಶಮಿ ನಮಗೆ ಬೇಗ ಬರುತ್ತದೆಂದೂ ಸೂಚಿಸಿದೆ. ಹೆಂಡತಿ ಇಷ್ಟು ದೂರ ಹೋಗದೆ ಮೆತ್ತಗೆ ಹೇಳಿದಳು:

"ಅಕ್ಷತೆ ಹಾಕಿ ಒಂಚೂರು ಕದಲಿಸಿ ತಗೊಂಡ್ಬಿಡು ಕಣೇ. ದೇವಿ ಏನೂ ಅಂದ್ಕೊಳ್ಳಲ್ಲ."

"ಬೇಡ."

"ಯಾಕೆ ಬೇಡ?"

"ಮ್ಯಾಥ್ಸ್ ಬುಕ್ ಇಟ್ಟಾಗ ಯಾವತ್ತಾದ್ರೂ ಕದಲಿಸು ಅಂದಿದ್ಯಾ? ಟೆಸ್ಟ್ ಇದ್ರೂ ಮುಟ್ಬೇಡ ಅಂದೆ. ಇದಾದ್ರೆ ಒಂಚೂರು ಕದಲಿಸಿ ತಗೋಬಹುದು. ಅಂದ್ರೆ ಅದು ನಿಜವಾದ ವಿದ್ಯೆ, ಇದು ಆಟದ ಸಾಮಾನು. ಅಲ್ವಾ?"

ನನ್ನ ಹೆಂಡತಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಎದ್ದುಹೋದಳು, ಎಣ್ಣೆ ಸಾಕಷ್ಟಿತ್ತು.

ಮಗಳು ಹಾಡಿನ ಹಾಳೆಗಳನ್ನು ಶಾಲೆಯಲ್ಲಿ ಹೊಸದಾಗಿ ಪ್ರಿಂಟ್ ಮಾಡಿಸಿಕೊಂಡು ಬಂದಳು. ಆಡಿಷನ್ನಿಗೆ ಹೊರಡುವ ಮುನ್ನ ನಡುವಿನ ಹಾಳೆಗಳನ್ನು ಸೇರಿಸಬೇಕೆಂದು ಸ್ಟೇಪ್ಲರ್ ಹುಡುಕಿದೆವು. ಅದು ಸಿಕ್ಕಿತು. ವಾಹನವಿಲ್ಲದ ಮನೆಯ ಆಯುಧಪೂಜೆಯಲ್ಲಿ ಆಯುಧಗಳ ಕೊರತೆ ಕಾಣಬಾರದೆಂದು ಅಂದು ಬೆಳಿಗ್ಗೆ ಲ್ಯಾಪ್‌ಟಾಪು, ಸ್ಕ್ರೂಡ್ರೈವರು, ಕತ್ತರಿ, ಕುಕ್ಕರಿನ ಸಾಲಿನಲ್ಲಿ ಅದನ್ನೂ ಕೂರಿಸಲಾಗಿತ್ತು. ಹಣೆಯ ಮೇಲೆ ಕುಂಕುಮ, ಬಾಯಲ್ಲಿ ಸೇವಂತಿಗೆಯ ಎಸಳು. ಮಗಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಕ್ಲಿಪ್ ಸಾಕು," ಎಂದಳು.

ಕಾಲೇಜಿನ ಕಾರಿಡಾರಿನಲ್ಲಿ ಕುರ್ಚಿಗಳು ಬೂದು ಬಣ್ಣದವು. ಬಗೆಬಗೆಯ ಶಾಲೆಗಳ ಸಮವಸ್ತ್ರದಲ್ಲಿ ಮಕ್ಕಳು ಗೋಡೆಗೆ ಮುಖ ಮಾಡಿ ತುಟಿ ಆಡಿಸುತ್ತಿದ್ದರು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ಸವಿಯಾದ ಕಾಯಿಲೆ ಬಂದ ಹಾಗಿತ್ತು. ಮಗಳ ಹೆಸರು ಕರೆದರು. ಅವಳು ಹಾಳೆಗಳನ್ನು ಎದೆಗೆ ಅವಚಿಕೊಂಡು ಹೋದಳು. ಬಾಗಿಲು ಮುಚ್ಚಿತು. ನನಗೆ ಬಾಗಿಲ ಹೊರಗಿರುವುದರಲ್ಲಿ ಒಂದು ವರ್ಷದ ಅನುಭವವಿತ್ತು.

ಪಿಯಾನೋ ಶುರುವಾಯಿತು. ಅವಳ ದನಿ ಬಂತು. ಕಾಕಿ ಬುಕಿತ್‌ನಲ್ಲಿ ನೂರಾರು ಸಲ ಕೇಳಿದ ಹಾಡು. ಯಾವ ಮಾತಿಗೆ ಉಸಿರು ತೆಗೆದುಕೊಳ್ಳುತ್ತಾಳೆಂದು ನನ್ನ ಎದೆಗೂ ಗೊತ್ತು. ಮೊದಲ ಭಾಗ ಮುಗಿಯಿತು. ಈಗ ನೇರವಾಗಿ ಕೊನೆಯ ಚರಣಕ್ಕೆ ದಾಟಬೇಕು. ಪಿಯಾನೋ ದಾಟಲಿಲ್ಲ. ಅದು ನಾನು ಎಂದೂ ಕೇಳದ ಒಂದು ದಾರಿಗೆ ತಿರುಗಿಕೊಂಡು, ತನ್ನ ಪಾಡಿಗೆ ನಡೆಯತೊಡಗಿತು. ಕ್ಲಿಪ್ ಜಾರಿತ್ತು. ನಡುವಿನ ಹಾಳೆ ತೆರೆದುಕೊಂಡಿತ್ತು. ಆ ಭಾಗದ ಮಾತುಗಳನ್ನು ನನ್ನ ಮಗಳು ಕಲಿತೇ ಇರಲಿಲ್ಲ.

ಪಿಯಾನೋ ಒಂದೇ ಕೇಳುತ್ತಿತ್ತು. ದನಿ ಇಲ್ಲ.

ಅಳುತ್ತ ಹೊರಗೆ ಬರುತ್ತಾಳೆಂದು ಬಾಗಿಲ ಹಿಡಿಯನ್ನೇ ನೋಡುತ್ತಿದ್ದೆ. ಹಿಡಿ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕೈ ಮಂಡಿಯ ಮೇಲೆ ಕೆಲಸ ಶುರು ಮಾಡಿರುವುದು ಗಮನಕ್ಕೆ ಬಂತು. ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಒಂದು ಆವರ್ತ ಹೋಯಿತು. ಇನ್ನೊಂದು ಹೋಯಿತು. ಕಾರಿಡಾರು, ಬೂದು ಕುರ್ಚಿಗಳು, ತುಟಿ ಆಡಿಸುವ ಮಕ್ಕಳು ಎಲ್ಲ ನೀರಿನಡಿಯಲ್ಲಿದ್ದ ಹಾಗೆ ಮಸುಕಾಗಿ, ಕೈ ಮಾತ್ರ ಸ್ಪಷ್ಟವಾಗಿ ಉಳಿಯಿತು. ಪೆಟ್ಟು, ಹುಸಿ. ಪೆಟ್ಟು, ಹುಸಿ. ಆ ಪರದೇಶದ ಸಂಗೀತ ಸುತ್ತಿ ಸುತ್ತಿ ಎಲ್ಲಿಗೆ ಬಂದು ಬೀಳುತ್ತದೆಂದು ನನ್ನ ಮಂಡಿಗೆ ತಿಳಿದಿತ್ತು. ಅದು ಸಮಕ್ಕೆ ಬಂದು ಬಿದ್ದ ಕ್ಷಣದಲ್ಲಿ, ಕೂದಲೆಳೆಯಷ್ಟೂ ಆಚೀಚೆಯಾಗದೆ, ಒಳಗಿನಿಂದ ನನ್ನ ಮಗಳು ಕೊನೆಯ ಚರಣವನ್ನು ಎತ್ತಿಕೊಂಡಳು.

ಹಾಡು ಮುಗಿಯಿತು. ಏನೋ ಮಾತು. ಬಳಿಕ ಅದೇ ಹಾಡು ಮತ್ತೆ, ಮೊದಲಿನಿಂದ.

ಹೊರಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಒನ್ಸ್ ಮೋರ್ ಅಂದ್ರಾ?" ಎಂದು ಕೇಳಿದೆ.

"ಅಪ್ಪ, ಇಲ್ಲಿ ಒನ್ಸ್ ಮೋರ್ ಅಂದ್ರೆ ಡೌಟ್ ಇದೆ ಅಂತ ಅರ್ಥ."

ರೈಲಿನಲ್ಲಿ ನಿಧಾನವಾಗಿ ಹೇಳಿದಳು. ಪಿಯಾನೋ ತಪ್ಪಿದಾಗ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ.

"ಸುಮ್ನೆ ನಿಂತ್ಕೊಂಡೆ. ಕೈ ತಾನಾಗೇ ಸ್ಟಾರ್ಟ್ ಆಯ್ತು. ಒಂದು ವರ್ಷ ಪೂರ್ತಿ ವೇಸ್ಟ್. ನಾನು ಬಾಗಿಲ ಕಡೆ ನೋಡ್ತಾ ಎಣಿಸ್ತಾ ಇದ್ದೆ, ಎಲ್ಲಿ ಸೇರ್ಕೋಬೇಕು ಅಂತ."

"ಅವರೇನಂದ್ರು?"

"ಆ ಕಾಯೋದನ್ನ ಇನ್ನೊಂದ್ಸಲ ಮಾಡು ಅಂದ್ರು. ಅವರು ಅದನ್ನ ಆಕ್ಟಿಂಗ್ ಅಂದ್ಕೊಂಡಿದ್ದಾರೆ ಅಪ್ಪ! ಆ ಹುಡುಗಿ ಪ್ಲಾಟ್‌ಫಾರ್ಮಲ್ಲಿ ನಿಂತು ಬೆರಳೆಣಿಸ್ತಾ ಇದಾಳೆ ಅಂತ. ಎರಡನೇ ಸಲ ಬೇಕೂಂತ ಮಾಡಿದೆ, ಅಷ್ಟು ಚೆನ್ನಾಗಿ ಬರ್ಲಿಲ್ಲ."

ಮರುದಿನ ವಿಜಯದಶಮಿ. ನೀಲಿ ಫೈಲನ್ನು ಕಣ್ಣಿಗೊತ್ತಿಕೊಂಡು ತೆಗೆದಳು. ಕುಂಕುಮ ಎರಡನೆಯ ಹಾಳೆಯವರೆಗೂ ಇಳಿದಿತ್ತು. ಬಿಶಾನ್‌ಗೆ ಹಣ್ಣು ಹಿಡಿದು ಹೋಗಿ ಆಂಟಿಗೆ ನಮಸ್ಕಾರ ಮಾಡಿದಾಗ ಅವರು ಆಡಿಷನ್ ಏನಾಯಿತೆಂದು ಕೇಳಲಿಲ್ಲ. ವರ್ಣ ಹಾಡಿಸಿದರು. ಕೈ ತೊಡೆಯ ಮೇಲಿತ್ತು.

ಉತ್ತರ ಬಂದದ್ದು ದೀಪಾವಳಿಗೆ ಮುಂಚಿನ ಒಂದು ಶನಿವಾರ, ನಾವು ಮೂವರೂ ಪುಟ್ಟ ಎಲ್‌ಆರ್‌ಟಿ ರೈಲಿನಲ್ಲಿ ಮನೆಗೆ ಮರಳುತ್ತಿದ್ದಾಗ. ಬುಕಿತ್ ಪಂಜಾಂಗ್‌ನ ಈ ರೈಲು ವಸತಿ ಕಟ್ಟಡಗಳಿಗೆ ತೀರ ಹತ್ತಿರ ಹಾದುಹೋಗುತ್ತದೆ. ಜನರ ಮನೆಯೊಳಗೆ ಇಣುಕಬಾರದೆಂದು ಅಂಥ ಕಡೆ ಅದರ ಕಿಟಕಿಯ ಗಾಜು ತಾನಾಗಿ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕಟ್ಟಡ ದಾಟಿದ ಮೇಲೆ ತಿಳಿಯಾಗುತ್ತದೆ. ಗಾಜು ಬೆಳ್ಳಗಾಗಿದ್ದಾಗ ಮಗಳ ಫೋನು ಮಿಡಿಯಿತು. ಓದಿದಳು. ಆ ಹಾಲು ಬೆಳಕಿನಲ್ಲಿ ಅವಳ ಮುಖದಿಂದ ಏನೂ ತಿಳಿಯಲಿಲ್ಲ. ವರ್ಷವಿಡೀ ಕಲಿತದ್ದನ್ನೆಲ್ಲ ನಮ್ಮ ಮೇಲೇ ಪ್ರಯೋಗಿಸುತ್ತಿದ್ದಳು.

ಗಾಜು ತಿಳಿಯಾಯಿತು. ಹೊರಗೆ ಮರಗಳು, ಒಣಗಿದ ಬಟ್ಟೆಗಳ ಸಾಲು, ಸಂಜೆ.

"ಸಿಕ್ತು," ಎಂದಳು.

ನನ್ನ ಹೆಂಡತಿ ಅವಳತ್ತ ತಿರುಗಿದಳು. "ಹಾಗಾದ್ರೆ ಫಿಸಿಕ್ಸು?"

"ಅದೆಲ್ಲಿ ಹೋಗುತ್ತಮ್ಮ, ಇರುತ್ತೆ ಲಾ."

"ಸರಿ. ಮಾತು ಮಾತೇ." ಒಪ್ಪಂದದ ಪ್ರಕಾರ ಅವಳು ಕೈ ಚಾಚಿದಳು, ಮಗಳು ಕುಲುಕಿದಳು; ಕುಲುಕಿದ ಮೇಲೆ ಇಬ್ಬರೂ ಬಿಡಲು ಮರೆತರು.

ಈ ಗಂಭೀರ ಕಲಾಪದ ನಡುವೆ ನಮ್ಮ ಸ್ಟಾಪು ಬಂದು ಹೋಗಿತ್ತು. ಯಾರೂ ಏಳಲಿಲ್ಲ. ಅದು ಸುತ್ತು ಹಾಕುವ ರೈಲು. ಕೂತೇ ಇದ್ದರೆ ಮತ್ತೆ ಅಲ್ಲಿಗೇ ತಂದು ಬಿಡುತ್ತದೆ. ಗಾಜು ಬೆಳ್ಳಗಾಯಿತು, ತಿಳಿಯಾಯಿತು, ಮತ್ತೆ ಬೆಳ್ಳಗಾಯಿತು.

"ರೀ," ಎಂದಳು ಹೆಂಡತಿ, ನನ್ನ ಮಂಡಿಯನ್ನು ನೋಡುತ್ತ.

"ಇರ್ಲಿ ಬಿಡಮ್ಮ," ಎಂದಳು ಮಗಳು.